ಏಳನೆಯ ಕಂಬ

ನೀಲಿ, ಕಿಂಡಿಯ ಎಡತುದಿಯಿಂದ ಬಲತುದಿಗೆ ಗೀರು ಎಳೆದ ಹಾಗೆ ಹೋಯಿತಲ್ಲ, ಮಿಂಚುಳ್ಳಿ, ಒಂದು, ಬರೆದುಕೊಳ್ಳಬೇಕು — ಅಲ್ಲ, ತಾಳು, ಇದು ಮೊದಲೂ ಇಷ್ಟು ನೀಲಿಯಾಗಿತ್ತೇ, ಹೋದ ಶರತ್ಕಾಲದಲ್ಲಿ ಕೆರೆಯಂಚಿನ ಈ ಪಕ್ಷಿಧಾಮದ ಇದೇ ಮರೆಗೂಡಿನಲ್ಲಿ ಇದೇ ಬೆಂಚಿನ ಮೇಲೆ ಕೂತು ಇದೇ ಹಕ್ಕಿಯನ್ನು ನೋಡಿದಾಗ ಅದು ನೂರು ಸಲ ಒಗೆದ ಯೂನಿಫಾರ್ಮಿನ ಬಣ್ಣಕ್ಕಿತ್ತು, ಪಾಪ ಇದಕ್ಕೂ ವಯಸ್ಸಾಯಿತು ಅಂದುಕೊಂಡಿದ್ದಳು, ವಯಸ್ಸಾದದ್ದು ಯಾರಿಗೆ ಅಂತ ಈಗ ಗೊತ್ತಾಗುತ್ತಿದೆ, ನಗು ಬರುತ್ತಿದೆ, ಬಾಯಿಗೆ ಸೆರಗು ಒತ್ತಿಕೊಂಡಳು, ಮರೆಗೂಡಿನಲ್ಲಿ ಸದ್ದು ಮಾಡಬಾರದು — ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆದು ಇಪ್ಪತ್ತೆರಡು ದಿನ, ಜಗತ್ತನ್ನು ಯಾರೋ ತಿಕ್ಕಿ ತೊಳೆದು ಒಣಗಲು ಹಾಕಿದ್ದಾರೆ, ಅಡುಗೆಮನೆಯ ಗೋಡೆ ಬಿಳಿ ಅನ್ನುವುದೇ ಮರೆತುಹೋಗಿತ್ತು, ಬೆಣ್ಣೆಬಣ್ಣ ಅಂದುಕೊಂಡು ಬೆಣ್ಣೆಬಣ್ಣಕ್ಕೆ ಹೊಂದುವ ಪರದೆ ಹೊಲಿಸಿದ್ದಳು, ಅದೀಗ ಗೋಡೆಯ ಜೊತೆ ಜಗಳಕ್ಕೆ ನಿಂತಿದೆ, ಪಟ್ಟಿ ಬಿಚ್ಚಿದ ದಿನ ಗಂಡನ ಮುಖ ನೋಡಿ, ಅಲ್ಲಾರೀ, ನೀವು ಯಾವಾಗ ಇಷ್ಟು ಮುದುಕರಾದ್ರಿ ಅಂದಿದ್ದಳು, ನಿನ್ನ ಜೊತೇಲೇ ಅಂದಿದ್ದರು ಅವರು, ಅಷ್ಟೇ, ಒಂದರ ಮೇಲೆ ಎರಡನೆಯ ಮಾತು ಆಡಿದರೆ ಡೀಸೆಲ್ ಖರ್ಚಾಗುತ್ತದೆ ಅನ್ನುವ ಜಾಯಮಾನ, ಈಗಲೂ ಪಕ್ಕದಲ್ಲೇ ಇದ್ದಾರೆ, ಕಿಂಡಿಗೆ ಬೆನ್ನು ಹಾಕಿ ಉಲ್ಲನ್ನಿನ ಕಾಲುಚೀಲ ಹೆಣೆಯುತ್ತಾ, ಹಕ್ಕಿಗಳ ಗೊಡವೆ ಅವರಿಗಿಲ್ಲ, ಹೆಂಡತಿಯನ್ನು ಕರೆದುಕೊಂಡು ಬಂದು ವಾಪಸು ಕರೆದೊಯ್ಯುವುದಷ್ಟೇ ಅವರ ಕೆಲಸ, ಇಪ್ಪತ್ತಾರು ವರ್ಷ ಮಾಡಿದ್ದೂ ಅದನ್ನೇ, ಅವರು ಬಸ್ಸಿನ ಡ್ರೈವರ್, ಇವಳು ಅದೇ ಬಸ್ಸಿನ ಕಂಡಕ್ಟರ್, ಅವರು ಮುಂದೆ ನೋಡುತ್ತಿದ್ದರು, ಮಿಕ್ಕಿದ್ದೆಲ್ಲ ಇವಳು ನೋಡುತ್ತಿದ್ದಳು, ಒಂದು ಗಂಟೆ ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಹೊರಡು, ಸಂಸಾರವೂ ಹೆಚ್ಚುಕಡಿಮೆ ಆ ಎರಡು ಮಾತಿನಲ್ಲೇ ನಡೆದುಹೋಯಿತು.

ಕಂಡಕ್ಟರಮ್ಮ, ಬಾತು ಎಷ್ಟು, ಎಂದು ಆ ಕಡೆಯ ಕಿಂಡಿಯಿಂದ ಮೇಷ್ಟ್ರು ಪಿಸುಗುಟ್ಟಿದರು, ತಾಳಿ ಮೇಷ್ಟ್ರೇ, ಗಾಳಿ ಬರಲಿ — ಗಾಳಿ ಬಂದರೆ ನೀರಿನ ಮೇಲಿನ ಬಾತುಗಳೆಲ್ಲ ಒಂದೇ ಕಡೆಗೆ ಮುಖ ತಿರುಗಿಸುತ್ತವೆ, ಆಗ ತಲೆಗಳು ಬಿಡಿಬಿಡಿಯಾಗಿ ಕಾಣುತ್ತವೆ, ಕಿಕ್ಕಿರಿದ ಬಸ್ಸಿನಲ್ಲೂ ಹಾಗೇ, ಸುಮ್ಮನೆ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ, ಗಡಿಯಾರದ ಕಂಬದ ತಿರುವಿಗೆ ಕಾಯಬೇಕು, ತಿರುವಿನಲ್ಲಿ ನಿಂತವರೆಲ್ಲ ಎಡಕ್ಕೆ ವಾಲುತ್ತಾರೆ, ಆ ಒಂದು ಕ್ಷಣದಲ್ಲಿ ನಾಲ್ಕು ನಾಲ್ಕಾಗಿ ತಲೆ ಹಿಡಿದುಬಿಡಬೇಕು, ಅರವತ್ತೆಂಟು, ಹಿಂದಿನ ಬಾಗಿಲ ಹತ್ತಿರ ಬಗ್ಗಿ ಕೂತವನೊಬ್ಬ, ಅರವತ್ತೊಂಬತ್ತು, ತಪಾಸಣೆಯವರು ಹತ್ತಿ ಮೂರು ಸಲ ಎಣಿಸಿದರೂ ಅದೇ ಅರವತ್ತೊಂಬತ್ತು — ಬಂತು ಗಾಳಿ, ಜೊಂಡೆಲ್ಲ ಬಾಗಿತು, ಬಾತುಗಳು ತಿರುಗಿದವು, ನಾಲ್ಕು, ನಾಲ್ಕು, ನಾಲ್ಕು, ಮುಂದೆ ಹೋಗಿ, ಒಳಗೆ ಜಾಗ ಇದೆ, ಸೂಜಿಬಾಲದವು ಮುನ್ನೂರ ಹನ್ನೆರಡು, ಚಮಚಕೊಕ್ಕಿನವು ಎಂಬತ್ತೇಳು, ಅಯ್ಯೋ ಆ ಗಂಡುಬಾತಿನ ಕತ್ತು ಹಸಿರು, ಕಪ್ಪಲ್ಲ, ಹಸಿರು, ಎಷ್ಟು ವರ್ಷದಿಂದ ಅದನ್ನು ಕಪ್ಪು ಅನ್ನುತ್ತಿದ್ದಳೋ, ಮುನ್ನೂರ ಹನ್ನೆರಡು ಮೇಷ್ಟ್ರೇ, ಎಂಬತ್ತೇಳು, ಅವರು ಮರುಮಾತಿಲ್ಲದೆ ಬರೆದುಕೊಂಡರು. ವಿಜ್ಞಾನದ ಮೇಷ್ಟ್ರು, ನಿವೃತ್ತರಾದರೂ ಚಾಳಿ ಬಿಟ್ಟಿಲ್ಲ, ಇಡೀ ಜಗತ್ತಿನ ಮೇಲೆ ಅನುಮಾನ, ಹವಾಮಾನದ ವರದಿಯ ಮೇಲೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಬರೆದ ತೂಕದ ಮೇಲೆ, ಆದರೆ ಕಂಡಕ್ಟರಮ್ಮನ ಎಣಿಕೆಯ ಮೇಲೆ ಒಂದೇ ಒಂದು ದಿನವೂ ಇಲ್ಲ, ಪಕ್ಷಿಧಾಮದ ಪಾಲಕಿಗೂ ಹಾಗೇ, ಮೊಣಕಾಲುದ್ದ ಬೂಟು ಹಾಕಿಕೊಂಡು ಕೆಸರಲ್ಲೇ ಬದುಕುವ ಆ ಹುಡುಗಿಗೆ ಕಂಡಕ್ಟರಮ್ಮ ಹೇಳಿದ್ದೇ ವೇದ, ಇವಳು ತಂದ ಪದ್ಧತಿಯನ್ನೇ ಅವಳು ಹಲಗೆಯ ಮೇಲೆ ಬರೆಸಿ ಬಾಗಿಲಿಗೆ ತೂಗುಹಾಕಿದ್ದಾಳೆ, ಬೆಂಚಿಗೆ ಒಂದು ತಟ್ಟು ಅಂದರೆ ಅಲ್ಲಾಡಬೇಡಿ, ಎರಡು ತಟ್ಟು ಅಂದರೆ ಇನ್ನು ಅಲ್ಲಾಡಬಹುದು, ಹೊಸಬರು ಮೊದಲು ನಗುತ್ತಾರೆ, ಆಮೇಲೆ ತಾವೇ ತಟ್ಟುತ್ತಾರೆ.

ನೀರುನಾಯಿ, ಅಗೋ, ನೀರಲ್ಲಿ ತಲೆಯೆತ್ತಿ ಮುಂಗಾಲಲ್ಲಿ ಮೀನು ಹಿಡಿದುಕೊಂಡು ತಿನ್ನುತ್ತಿದೆ, ತಟ್ಟೆ ತೊಳೆಯುವ ರಗಳೆಯೇ ಇಲ್ಲ, ಮೀಸೆ ಕಾಣುತ್ತಿದೆ, ಒಂದೊಂದು ಕೂದಲೂ, ಇಲ್ಲಿಂದ, ಅವಳು ಒಂದು ತಟ್ಟಿದಳು, ಎಲ್ಲರೂ ನಿಂತಲ್ಲೇ ನಿಂತರು, ನೀರುನಾಯಿ ಉಂಡು ಮುಗಿಸಿ ಕೈ ಒರೆಸಿಕೊಂಡಂತೆ ಮಾಡಿ ಮುಳುಗಿತು, ಎರಡು ತಟ್ಟಿದಳು, ಸಂತೋಷ ಅಂದರೆ ಇಷ್ಟೇನಾ ಅಂದರೆ ಇಷ್ಟೇ, ಇನ್ನೇನು ಬೇಕು — ಇನ್ನು ಉತ್ತರದ ದಡ, ಅದನ್ನು ಕೊನೆಗೆ ಉಳಿಸಿಕೊಂಡಿದ್ದಳು, ರುಚಿಯಾದದ್ದನ್ನು ತಟ್ಟೆಯ ಅಂಚಿಗೆ ಸರಿಸಿಟ್ಟ ಹಾಗೆ, ಅಲ್ಲಿ ಅವಳ ಹಕ್ಕಿ ಇದೆ, ಜೊಂಡುಬಕ, ಕಂದು ಬಣ್ಣದ ನಾಚಿಕೆಯ ಬಕ, ಭಯವಾದರೆ ಹಾರುವುದಿಲ್ಲ, ಕೊಕ್ಕನ್ನು ಆಕಾಶಕ್ಕೆತ್ತಿ ಕಡ್ಡಿಯಂತೆ ನಿಂತು ತಾನೂ ಒಂದು ಜೊಂಡು ಅನ್ನುತ್ತದೆ, ಅದನ್ನು ನೋಡದೆ ಸತ್ತ ಪಕ್ಷಿಪ್ರಿಯರೇ ಹೆಚ್ಚು ಅನ್ನುತ್ತಾರೆ ಮೇಷ್ಟ್ರು, ಹೋದ ಶರತ್ಕಾಲದಲ್ಲಿ ಅದನ್ನು ಮೊದಲು ಕಂಡವಳು ಇವಳು, ಮುರಿದುಹೋದ ಹಳೆಯ ದೋಣಿಕಟ್ಟೆಯ ಕಂಬಗಳ ಸಾಲಿನಲ್ಲಿ, ಆರು ಕಂಬ ಮತ್ತು ಒಂದು ಬಕ, ಆ ದಿನ ಕತ್ತು ಆಡಿಸಿತ್ತು, ಖಂಡಿತ ಆಡಿಸಿತ್ತು, ಅಲ್ಲಿಂದ ಇಲ್ಲಿಯವರೆಗೆ ಸೋಮವಾರ ಗುರುವಾರ ಬಂದಾಗಲೆಲ್ಲ ದಾಖಲೆ ಪುಸ್ತಕದಲ್ಲಿ ಅವಳ ಗುಂಡು ಅಕ್ಷರದಲ್ಲಿ, ಉತ್ತರ ದಡ, ಜೊಂಡುಬಕ, ಒಂದು, ನಲವತ್ತೊಂದು ಸಲ, ಆ ನಲವತ್ತೊಂದು ಸಾಲುಗಳನ್ನು ಹಿಡಿದುಕೊಂಡೇ ಪಾಲಕಿ ಮೇಲಿನ ಕಚೇರಿಯವರ ಜೊತೆ ಗುದ್ದಾಡಿದ್ದು, ಅವರಿಗೆ ಉತ್ತರದ ಜೊಂಡೆಲ್ಲ ಕೊಯ್ದು ನೀರು ಬಯಲು ಮಾಡಿ ಕಾಲಿನಿಂದ ತುಳಿಯುವ ದೋಣಿ ಬಿಡಬೇಕಂತೆ, ಬಕ ಇರುವವರೆಗೆ ಕತ್ತಿ ಹಾಕುವಂತಿಲ್ಲ ಅಂದಳು ಪಾಲಕಿ, ಈ ಶರತ್ಕಾಲದ ಎಣಿಕೆಯಲ್ಲೂ ಇದ್ದರೆ ಬಿಡುತ್ತೇವೆ ಅಂದರು ಅವರು, ಇವತ್ತು ಎಣಿಕೆಯ ಕೊನೆಯ ದಿನ, ಹನ್ನೊಂದಕ್ಕೆ ಪಾಲಕಿ ಬಂದು ಪುಸ್ತಕ ನೋಡಿ ಅವರಿಗೆ ಫೋನ್ ಮಾಡುತ್ತಾಳೆ, ಕಣ್ಣಿನ ಗಲಾಟೆಯಲ್ಲಿ ಈ ಶರತ್ಕಾಲದ ಎಣಿಕೆಗೆ ಇವಳಿಗೆ ಬರಲಾಗಿರಲಿಲ್ಲ, ಇವತ್ತೇ ಮೊದಲು, ಇವತ್ತೇ ಕೊನೆ, ದುರ್ಬೀನು ಎತ್ತಿದಳು, ಎಲ್ಲಿದ್ದೀಯಪ್ಪಾ, ಹೊಸ ಕಣ್ಣು ತಂದಿದ್ದೀನಿ, ನೋಡು — ಒಂದು ಕಂಬ, ಎರಡು, ಮೂರು, ನಾಲ್ಕು, ಐದು, ಆರು, ಅದರ ಪಕ್ಕದಲ್ಲಿ ಮೇಲ್ತುದಿ ಚೂಪಾಗಿ ಮುರಿದ, ಸ್ವಲ್ಪ ವಾಲಿದ, ಪಾಚಿ ಗೆರೆಗೆರೆಯಾಗಿ ಹಬ್ಬಿದ ಇನ್ನೊಂದು, ಅದರ ನೆತ್ತಿಯ ಹತ್ತಿರ, ಇಷ್ಟು ದಿನ ಹಳದಿ ಕಣ್ಣು ಅಂದುಕೊಂಡಿದ್ದ ಜಾಗದಲ್ಲಿ, ಒಂದು ಮೊಳೆ. ತುಕ್ಕು ಹಿಡಿದ ಮೊಳೆ.

ಏಳು ಕಂಬ. ಮತ್ತೆ ಎಣಿಸಿದಳು, ಬಲದಿಂದ ಎಡಕ್ಕೆ, ಎಣಿಕೆಗೆ ನಾಚಿಕೆಯಿಲ್ಲ, ಏಳೇ, ದುರ್ಬೀನಿನ ಗಾಜು ಒರೆಸಿದಳು, ಮೊಳೆ ಇನ್ನಷ್ಟು ಚೆನ್ನಾಗಿ ಕಂಡಿತು, ಹಾಳಾದ್ದು ಕಣ್ಣು, ಇಷ್ಟೊಂದು ಸ್ಪಷ್ಟ ಯಾರು ಕೇಳಿದ್ದರು, ಡಾಕ್ಟರಿಗೆ ಒಂದು ಚೂರು ಪೊರೆ ಬಿಡಿ ಅನ್ನಬೇಕಿತ್ತು, ಬಕಕ್ಕೆ ಬೇಕಾಗುವಷ್ಟು — ನಲವತ್ತೊಂದು ಸಲ ಒಂದು ಕಂಬಕ್ಕೆ ಹಾಜರಿ ಹಾಕಿದ್ದೀಯಲ್ಲೇ, ಮಳೆ ಬಂದ ದಿನ ಪಾಪ ನೆನೀತಾ ನಿಂತಿದೆ ಅಂತ ಮರುಗಿದ್ದೆ, ಒಂದು ಗುರುವಾರ ಯಾಕೋ ಮಂಕಾಗಿದೆ ಅಂತ ಪುಸ್ತಕದಲ್ಲಿ ಷರಾ ಬೇರೆ ಬರೆದಿದ್ದೆ, ದೂರದೂರಿನಿಂದ ಗಂಡಹೆಂಡತಿ ಬಂದಿದ್ದರು, ಆಕೆಯ ಭುಜ ಹಿಡಿದು ತಿರುಗಿಸಿ, ಆರನೇ ಕಂಬದ ಪಕ್ಕ ನೋಡಿ ಅಂದಾಗ ಆಕೆ, ಹೂಂ ಕಂಡಿತು, ಕಂಡಿತು ಅಂತ ಕಣ್ಣಲ್ಲಿ ನೀರು ತಂದುಕೊಂಡಿದ್ದಳು, ಏನನ್ನು ಕಂಡಳೋ ಮಹಾತಾಯಿ, ನಗು ಬಂತು, ತಡೆದಳು, ನಗುವ ಹೊತ್ತಲ್ಲ — ಹತ್ತೂವರೆ, ಸುಮ್ಮನಿದ್ದುಬಿಟ್ಟರೆ, ಉತ್ತರ ದಡ, ಜೊಂಡುಬಕ, ಒಂದು, ಇನ್ನೊಂದೇ ಒಂದು ಸಾಲು, ನಲವತ್ತೆರಡನೆಯದು, ಯಾರು ಕೇಳುತ್ತಾರೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದರಾಯಿತು, ಜೊಂಡು ಉಳಿಯುತ್ತದೆ, ಜೊಂಡಿನಲ್ಲಿ ಮಲಗುವ ಸಾವಿರ ಹಕ್ಕಿ ಉಳಿಯುತ್ತವೆ, ಪಾಲಕಿಯ ಮುಖ ಅರಳುತ್ತದೆ, ಒಂದು ಸುಳ್ಳಿಗೆ ಇಷ್ಟೆಲ್ಲ ಬಂದರೆ ಅದೇನು ಸುಳ್ಳೇ — ಹೌದು, ಸುಳ್ಳೇ, ಅರವತ್ತೊಂಬತ್ತು ಜನ ಇದ್ದಾಗ ಅರವತ್ತೆಂಟು ಅಂತ ಬರೆಯದವಳು, ಯಾಕೆ ಬರೆಯಲಿಲ್ಲ, ಕಾಣಲಿಲ್ಲ ಅಂತಲ್ಲ, ಬಗ್ಗಿ ಕೂತವನೂ ಕಂಡಿದ್ದ, ಕಂಡದ್ದನ್ನು ಕಂಡಷ್ಟೇ ಬರೆಯುವುದು ಒಂದೇ ಅವಳಿಗೆ ಬರುವ ವಿದ್ಯೆ, ಕಣ್ಣು ಮಂಜಾಗಿದ್ದಾಗ ಕಂಬವನ್ನು ಬಕ ಅಂದದ್ದು ತಪ್ಪು, ಕಣ್ಣು ಬಂದ ಮೇಲೂ ಅಂದರೆ ಅದು ಮೋಸ, ಇವೆರಡರ ನಡುವೆ ಇರುವುದು ಬರೀ ಆ ಮೊಳೆ. ಆ ಹುಡುಗಿಗೆ ಹೇಗೆ ಹೇಳುವುದು, ಫ್ಲಾಸ್ಕಿಗೆ ಕೈ ಚಾಚಿದರೆ ಗಂಡ ಆಗಲೇ ಮುಚ್ಚಳದಲ್ಲಿ ಟೀ ಬಗ್ಗಿಸಿ ಹಿಡಿದಿದ್ದರು.

ಬೂಟಿನ ಸದ್ದು, ಹಲಗೆಯ ಹಾದಿಯ ಮೇಲೆ ದಬದಬ, ಹನ್ನೊಂದಕ್ಕೆ ಬರಬೇಕಾದವಳು ಹತ್ತು ಮುಕ್ಕಾಲಿಗೇ, ಬಾಗಿಲು ತೆಗೆದದ್ದೇ ಪಾಲಕಿ, ಕಂಡಕ್ಟರಮ್ಮ, ಇದೆಯಲ್ವಾ ನಮ್ಮ ಹಕ್ಕಿ, ಫೋನ್ ಮಾಡೇಬಿಡ್ಲಾ ಅಂದಳು, ಕೆನ್ನೆಗೆ ಕೆಸರು ಮೆತ್ತಿಕೊಂಡಿದೆ, ಇವಳಿಗೆ ಆ ಕೆಸರೂ ಸ್ಪಷ್ಟ, ಅದರ ಕೆಳಗಿನ ನಗುವೂ ಸ್ಪಷ್ಟ, ಕೂತ್ಕೊ ಮಗೂ ಅಂದಳು, ಪಾಲಕಿ ಕೂತಳು, ಅದು ಕಂಬ ಅಂದಳು ಇವಳು, ಯಾವುದು, ನಮ್ಮ ಹಕ್ಕಿ, ಅದು ಕಂಬ ಕಣೇ, ಹೋದ ವರ್ಷದಿಂದ ಕಂಬಾನೇ, ನೆತ್ತಿ ಮೇಲೆ ಮೊಳೆ ಇದೆ, ನನ್ನ ಕಣ್ಣು ಸರಿ ಇರ್ಲಿಲ್ಲ, ತಪ್ಪಾಯ್ತು — ಪಾಲಕಿ ದುರ್ಬೀನು ಕಿತ್ತುಕೊಂಡು ನೋಡಿದಳು, ತುಂಬ ಹೊತ್ತು ನೋಡಿದಳು, ಆದ್ರೆ ನಾನೂ ನೋಡಿದೀನಲ್ಲ ಕಂಡಕ್ಟರಮ್ಮ, ಒಂದ್ಸಲ ನನ್ನ ಕಡೆ ತಿರುಗಿತ್ತು ಕೂಡ ಅಂದಳು ಸಣ್ಣ ದನಿಯಲ್ಲಿ, ಆಗ ಮೇಷ್ಟ್ರು ಕೆಮ್ಮಿದರು, ಕನ್ನಡಕ ತೆಗೆದು ಒರೆಸಿದರು, ನಂಗೆ ಹೋದ ವರ್ಷವೇ ಟೆಲಿಸ್ಕೋಪಲ್ಲಿ ಮೊಳೆ ಕಂಡಿತ್ತು ಅಂದರು, ಕಂಡಿತ್ತಾ, ಮತ್ತೆ ಎರಡನೇ ಸಾಕ್ಷಿ ಅಂತ ನಲವತ್ತೊಂದು ಸಲ ಸಹಿ ಹಾಕಿದ್ರಲ್ಲ ಮೇಷ್ಟ್ರೇ, ಹಾಕ್ದೆ, ಏನ್ಮಾಡ್ಲಿ, ನೀವು ಬಕ ಅಂದ್ರಿ, ನಿಮ್ಮ ಎಣಿಕೆ ಯಾವತ್ತೂ ತಪ್ಪಿದ್ದಿಲ್ಲ, ಟೆಲಿಸ್ಕೋಪೇ ಕೆಟ್ಟಿರಬೇಕು ಅಂತ ರಿಪೇರಿಗೆ ಕೊಟ್ಟೆ, ಎರಡು ಸಲ ಕೊಟ್ಟೆ — ಲೋಕದ ಮೇಲೆಲ್ಲ ಅನುಮಾನ ಪಡುವ ಮನುಷ್ಯ ಇಲ್ಲಿ ಬಂದು ತನ್ನ ಕಣ್ಣನ್ನೇ ಅನುಮಾನಿಸಿದ್ದಾರೆ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಸಾವಿರ ಮಕ್ಕಳಿಗೆ ಹೇಳಿಕೊಟ್ಟವರು, ಅದು ಕಂಬ ಅಂತ ನಂಗೂ ಗೊತ್ತಿತ್ತು ಅಂದರು ಗಂಡ, ಹೆಣಿಗೆಯಿಂದ ತಲೆ ಎತ್ತದೆ, ನಿಮಗೆ ಹೇಗೆ ಗೊತ್ತು, ನೀವು ಒಂದು ದಿನವೂ ಆ ಕಡೆ ತಿರುಗಿದವರಲ್ಲ, ದೋಣಿಕಟ್ಟೆಗೆ ಏಳು ಕಂಬ, ಬಸ್ಸು ದಿನಾ ಆ ದಡದಲ್ಲೇ ಹೋಗ್ತಿತ್ತು, ನಾನು ಮುಂದೆ ನೋಡ್ತಿದ್ದೆ ಅಂದರು, ಹೇಳಬಾರದಿತ್ತಾ, ನೀನು ಕೇಳಲಿಲ್ಲ, ಅಂದರು. ಮೊದಲು ನಕ್ಕದ್ದು ಪಾಲಕಿ, ಅಳುವವಳ ಹಾಗೆ ಮುಖ ಮಾಡಿಕೊಂಡಿದ್ದವಳು ಫಕ್ಕನೆ ನಕ್ಕಳು, ಆಮೇಲೆ ಮೇಷ್ಟ್ರು, ಆಮೇಲೆ ಇವಳು, ಹೊಟ್ಟೆ ಹಿಡಿದುಕೊಂಡು, ಹೊಸ ಕಣ್ಣಲ್ಲಿ ನೀರು ಬರುವಷ್ಟು, ಡಾಕ್ಟರು ಕಣ್ಣು ಉಜ್ಜಬೇಡಿ ಅಂದಿದ್ದಾರೆ, ಉಜ್ಜಲಿಲ್ಲ, ಹರಿಯಲಿ ಅಂತ ಬಿಟ್ಟಳು.

ಬರೀತೀನಿ ಅಂದಳು, ಬೇಡ ಕಂಡಕ್ಟರಮ್ಮ, ನೀವು ಯಾಕೆ, ನಾನೇ ಫೋನಲ್ಲಿ ಹೇಗೋ ಹೇಳ್ಕೋತೀನಿ ಅಂದಳು ಪಾಲಕಿ, ಇಲ್ಲ, ತಪ್ಪು ಬರೆದ ಕೈಯೇ ತಿದ್ದಬೇಕು — ದಾರಕ್ಕೆ ಕಟ್ಟಿದ ಪೆನ್ಸಿಲ್ಲು ಎಳೆದುಕೊಂಡಳು, ಪುಸ್ತಕದ ಗೆರೆಗಳು ಇಷ್ಟು ತೆಳುವಾಗಿದ್ದವೇ, ಅವಳ ಹಳೆಯ ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಕುಣಿದಿವೆ, ನಲವತ್ತೊಂದು ಸಲ ಬರೆದದ್ದು ಕಂಬ, ಮೇಲೆ ಮೊಳೆ ಇದೆ, ತಪ್ಪು ನನ್ನದು, ಉತ್ತರ ದಡ, ಜೊಂಡುಬಕ, ಇಲ್ಲ, ಸೊನ್ನೆ ಬರೆದಳು, ದುಂಡಗೆ, ಚೆಂದವಾಗಿ ಬಂತು ಸೊನ್ನೆ, ಕೆಳಗೆ ಮೇಷ್ಟ್ರು ಸಾಕ್ಷಿ ಹಾಕಿದರು, ಎದೆಯಿಂದ ಒಂದು ಮೂಟೆ ಇಳಿಸಿದ ಹಾಗಾಯಿತು, ಕೂಡಲೇ ದುಃಖವೂ ಆಯಿತು, ಆ ಜೊಂಡೆಲ್ಲ, ತುದಿಯಲ್ಲಿ ಬೆಳ್ಳಿಯಿದೆ ಅಂತ ಇವತ್ತೇ ಗೊತ್ತಾದದ್ದು, ಇವತ್ತು ಕಾಣಿಸಿಕೊಂಡು ನಾಳೆ ಕತ್ತಿಗೆ ಹೋಗುವುದು, ಪಾಲಕಿ ಫೋನ್ ಕೈಯಲ್ಲಿ ಹಿಡಿದು ಕೂತಿದ್ದಾಳೆ, ಹನ್ನೊಂದಾಗಲಿ ಅಂತ, ಇನ್ನು ಐದು ನಿಮಿಷ — ಗಿಡುಗ, ಎಂದರು ಮೇಷ್ಟ್ರು, ಜೌಗಿನ ಗಿಡುಗ ಜೊಂಡಿನ ಮೇಲೆ ತಗ್ಗಾಗಿ ಬಂತು, ರೆಕ್ಕೆಯನ್ನು ಹಲಗೆಯಂತೆ ಚಾಚಿ, ನೀರೆಲ್ಲ ಒಮ್ಮೆಲೇ ಎದ್ದಿತು, ಮುನ್ನೂರ ಹನ್ನೆರಡು, ಎಂಬತ್ತೇಳು, ಎಲ್ಲ ಆಕಾಶದಲ್ಲಿ, ಬಿಳಿ ಹೊಟ್ಟೆ, ಹಸಿರು ಕತ್ತು, ತಲೆಯ ಮೇಲೆ ಸುರಿಮಳೆಯಂತೆ ರೆಕ್ಕೆ ಸದ್ದು, ಪಾಲಕಿ ಬಾಯಿ ತೆರೆದು ನೋಡುತ್ತಿದ್ದಾಳೆ, ಮೇಷ್ಟ್ರು ಟೋಪಿ ತೆಗೆದಿದ್ದಾರೆ, ಗಂಡ ಕೂಡ, ಹೌದು, ಗಂಡ ಕೂಡ ಹೆಣಿಗೆ ಮಡಿಲಿಗೆ ಹಾಕಿ ಕಿಂಡಿಯ ಕಡೆ ತಿರುಗಿದ್ದಾರೆ, ಎಲ್ಲರೂ ಮೇಲೆ ನೋಡುತ್ತಿದ್ದಾರೆ, ಅವಳೊಬ್ಬಳು ಕೆಳಗೆ, ಹಳೆಯ ಚಾಳಿ, ಬಸ್ಸು ಗಕ್ಕನೆ ನಿಂತು ಎಲ್ಲರೂ ಹೊರಗೆ ಇಣುಕಿದಾಗ ಕಂಡಕ್ಟರ್ ಒಳಗೆ ಎಣಿಸಬೇಕು, ಎಲ್ಲರೂ ಇದ್ದಾರಾ, ಎಷ್ಟು ಜನ, ಒಂದು ಕಂಬ, ಎರಡು, ಮೂರು, ನಾಲ್ಕು, ಐದು, ಆರು, ಮೊಳೆ ಇರುವುದು ಏಳು,

ಎಂಟು.

ಇಲ್ಲ, ತಾಳು, ಗಾಳಿ ಬರಲಿ, ಬಲದಿಂದ ಎಡಕ್ಕೆ, ಎಂಟೇ, ಮತ್ತೆ ಹುಚ್ಚು ಹಿಡಿಯಿತೇನೇ ನಿನಗೆ, ಸೊನ್ನೆ ಬರೆದ ಪೆನ್ಸಿಲ್ಲು ಇನ್ನೂ ಬೆರಳ ನಡುವೆ ಇದೆ, ಅರವತ್ತೆಂಟು ಬರೆದ ಮೇಲೆ ಹಿಂದಿನ ಬಾಗಿಲ ಹತ್ತಿರ ಬಗ್ಗಿ ಕೂತಿದ್ದವನು ಎದ್ದು ನಿಂತ ಹಾಗೆ, ಮೊಳೆಯ ಕಂಬದಿಂದ ಒಂದು ಮಾರು ಈಚೆ, ಕಂದು, ಗೆರೆಗೆರೆ, ಚೂಪು ತುದಿ ಆಕಾಶಕ್ಕೆ, ಗಿಡುಗಕ್ಕೆ ಹೆದರಿ ನಾನೂ ಒಂದು ಕಂಬ ಅನ್ನುತ್ತಾ — ಗಾಳಿ ಬಂತು, ಜೊಂಡು ವಾಲಿತು, ಏಳು ಕಂಬ ಅಲ್ಲಾಡಲಿಲ್ಲ, ಎಂಟನೆಯದು ಜೊಂಡಿನ ಜೊತೆ ಮೆಲ್ಲಗೆ ಎಡಕ್ಕೆ ವಾಲಿತು, ತಿರುವಿನಲ್ಲಿ ನಿಂತವರ ಹಾಗೆ, ಅವಳ ಕೈ ಬೆಂಚನ್ನು ಹುಡುಕಿತು, ಒಂದು ತಟ್ಟಿದಳು, ಒಂದೇ, ಪಾಲಕಿಯ ಬೆರಳು ಫೋನಿನ ಮೇಲೆ ನಿಂತಿತು, ಮೇಷ್ಟ್ರ ಟೋಪಿ ಗಾಳಿಯಲ್ಲೇ ನಿಂತಿತು, ಇಪ್ಪತ್ತಾರು ವರ್ಷ ಒಂದು ಗಂಟೆಗೆ ಬಸ್ಸು ನಿಲ್ಲಿಸಿದ ಮನುಷ್ಯ ಪಕ್ಕದಲ್ಲಿ ಹಾಗೇ ನಿಂತರು, ಎಲ್ಲ ನಿಂತಿತು, ಎಂಟನೆಯದರ ನೆತ್ತಿಯ ಹತ್ತಿರ ಹಳದಿ ಚುಕ್ಕೆ, ಮೊಳೆಯಲ್ಲ, ಮೊಳೆ ಅಲ್ಲಿದೆ, ಏಳರಲ್ಲಿ, ಇದು ಎಂಟು, ಹಳದಿ, ದುಂಡಗೆ, ಈಗ ಮುಚ್ಚಿತು, ಈಗ ತೆರೆಯಿತು, ಅವಳನ್ನೇ ನೋಡುತ್ತಿದೆ